ಲೆಕ್ಕವಿಡುವ ದಾದಿ



ದಾದಿ ಎಂದೊಡನೆ ಚುಚ್ಚುಮದ್ದು ಕೊಡುವ, ಗಾಯಕ್ಕೆ ಪಟ್ಟಿ ಕಟ್ಟುವ ಚಿತ್ರ ನಿಮ್ಮ ಕಣ್ಣ ಮುಂದೆ ಬರುತ್ತದೆ. ಇಂದು ನಿಮಗೆ ಇನ್ನೊಬ್ಬ ದಾದಿಯ ಪರಿಚಯ ಮಾಡಿಕೊಡುತ್ತೇನೆ. ಆಕೆಯ ಕೈಯಲ್ಲಿರುವುದು ಲೆಕ್ಕದ ಪುಸ್ತಕ. ಆಕೆ ಸೋಂಕು ನಿಯಂತ್ರಣ ದಾದಿ.

ಕಾಯಿಲೆ ವಾಸಿಯಾಗಲೆಂದು ಆಸ್ಪತ್ರೆಗೆ ಸೇರಿದವರಿಗೆ ಅಲ್ಲಿಯೇ ಹೊಸ ಕಾಯಿಲೆ ಅಂಟಿದರೆ? ಸೇರುವಾಗ ಇಲ್ಲದೆ, ಸಾಮಾನ್ಯವಾಗಿ 48 ಗಂಟೆಗಳ ನಂತರ ಕಾಣಿಸಿಕೊಳ್ಳುವ ಇಂತಹ ಸೋಂಕನ್ನು ಆಸ್ಪತ್ರೆ ಸೋಂಕು ಎನ್ನುತ್ತಾರೆ. ಮೂತ್ರಕ್ಕೆ ಹಾಕಿದ ಕೊಳವೆ, ರಕ್ತನಾಳಕ್ಕೆ ಹಾಕಿದ ಕೊಳವೆ, ಉಸಿರಾಟದ ಯಂತ್ರ, ಶಸ್ತ್ರಚಿಕಿತ್ಸೆಯ ಗಾಯ, ಇವೇ ರೋಗಾಣುಗಳಿಗೆ ಮುಖ್ಯ ಬಾಗಿಲುಗಳು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ಜನರಲ್ಲಿ ಶ್ರೀಮಂತ ರಾಷ್ಟ್ರಗಳಲ್ಲಿ 7 ಜನ, ಮಧ್ಯಮ ಮತ್ತು ಕಡಿಮೆ ವರಮಾನದ ರಾಷ್ಟ್ರಗಳಲ್ಲಿ 15 ಜನ ಹೀಗೆ ಸೋಂಕಿಗೆ ಗುರಿಯಾಗುತ್ತಾರೆ.

ಈ ಕೆಲಸಕ್ಕೆಂದೇ ದಾದಿಯೊಬ್ಬರನ್ನು ನೇಮಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. 1959ರಲ್ಲಿ ಟಾರ್ಕಿ ಊರಿನ ಟಾರ್‌ಬೇ ಆಸ್ಪತ್ರೆಯಲ್ಲಿ ಕಾಟ್ರೆಲ್ ಎಂಬಾಕೆ ಈ ಹುದ್ದೆಗೆ ಬಂದರು. ಸ್ಟೆಫಿಲೊಕಾಕಸ್ ಎಂಬ ರೋಗಾಣು ಆಸ್ಪತ್ರೆಗಳನ್ನು ಕಾಡುತ್ತಿದ್ದ ಕಾಲವದು.

ಆಕೆಯ ಲೆಕ್ಕ ಹೇಗಿರುತ್ತದೆ? ಒಂದು ವಾರ್ಡಿನಲ್ಲಿ ತಿಂಗಳಿಗೆ 4 ಮೂತ್ರದ ಸೋಂಕು, ಇನ್ನೊಂದರಲ್ಲಿ 3 ಎಂದುಕೊಳ್ಳಿ. ಯಾವುದು ಮೇಲು? ಎರಡನೆಯದು ಎನ್ನುತ್ತೀರಿ. ತಾಳಿ. ಕೊಳವೆ ಹಾಕಿದ ಒಬ್ಬ ರೋಗಿ, ಒಂದು ದಿನ. ಇದು ಒಂದು ಕೊಳವೆ-ದಿನ. ಮೊದಲ ವಾರ್ಡಿನಲ್ಲಿ 800, ಎರಡನೆಯದರಲ್ಲಿ 300 ಕೊಳವೆ-ದಿನಗಳಿದ್ದರೆ, ಸಾವಿರ ದಿನಕ್ಕೆ ಸೋಂಕಿನ ಪ್ರಮಾಣ ಕ್ರಮವಾಗಿ 5 ಮತ್ತು 10. ತೊಂದರೆ ಇರುವುದು ಎರಡನೆಯ ವಾರ್ಡಿನಲ್ಲಿ! ಅಲ್ಲಿ ಕೊಳವೆಯನ್ನು ಅಗತ್ಯಕ್ಕಿಂತ ಹೆಚ್ಚು ದಿನ ಬಿಟ್ಟಿದ್ದಾರೆಯೇ, ಮುಟ್ಟುವ ಮುನ್ನ ಕೈ ಶುಚಿಗೊಳಿಸುತ್ತಿದ್ದಾರೆಯೇ ಎಂದು ಆಕೆ ಹುಡುಕುತ್ತಾಳೆ.

ಈ ಲೆಕ್ಕ ಜೀವ ಉಳಿಸುತ್ತದೆಯೇ? ಅಮೆರಿಕದಲ್ಲಿ 1985ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಉತ್ತರ ಕೊಟ್ಟಿತು. 250 ಹಾಸಿಗೆಗೆ ಒಬ್ಬ ಸೋಂಕು ನಿಯಂತ್ರಣ ದಾದಿ, ತರಬೇತಾದ ವೈದ್ಯ, ಸತತ ನಿಗಾ, ಶಸ್ತ್ರವೈದ್ಯರಿಗೆ ಅವರವರ ಲೆಕ್ಕ ತಿಳಿಸುವ ಏರ್ಪಾಡು ಇದ್ದರೆ ಸೋಂಕುಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ತಡೆಯಬಹುದು ಎಂದು ಅದು ತೋರಿಸಿತು.

ಆದರೆ ಈ ವೃತ್ತಿಗೆ ಗಣಿತಕ್ಕಿಂತ ಹೆಚ್ಚಾಗಿ ಬೇಕಾದದ್ದು ಧೈರ್ಯ. ಕೈ ತೊಳೆಯದೆ ರೋಗಿಯ ಬಳಿ ಹೋಗುವ ಹಿರಿಯ ವೈದ್ಯರಿಗೆ, "ಸರ್, ಒಂದು ನಿಮಿಷ" ಎನ್ನಬೇಕು. ಸಂಖ್ಯೆ ಏರಿದ ತಿಂಗಳು ಹೆಸರು ಕೆಡುವುದೆಂಬ ಅಂಜಿಕೆಗೆ ಅದನ್ನು ಇಳಿಸಿ ಬರೆಯಬಾರದು. ಸೋಂಕೇ ಇಲ್ಲ ಎನ್ನುವ ವಾರ್ಡು ಶುಚಿಯಾಗಿರಬಹುದು. ಸರಿಯಾಗಿ ಹುಡುಕದೆಯೂ ಇರಬಹುದು. ಲೆಕ್ಕ ಮುಚ್ಚಿಟ್ಟರೆ ರೋಗಾಣು ಸುಮ್ಮನಾಗುವುದಿಲ್ಲ. ಮುಂದಿನ ಹಾಸಿಗೆಯ ರೋಗಿ ಅದಕ್ಕೆ ಬೆಲೆ ತೆರುತ್ತಾನೆ.

ಪಿಯುಸಿಯ ನಂತರ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ, ವಾರ್ಡಿನ ಅನುಭವ ಪಡೆದು ಈ ದಾರಿ ಹಿಡಿಯಬಹುದು. ಹುಡುಗರಿಗೂ ಇಲ್ಲಿ ಅವಕಾಶವಿದೆ. ಜೀವಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರದಲ್ಲೂ ಆಸಕ್ತಿ ಇರಲಿ.

ಅಲ್ಲಿಯವರೆಗೆ ಒಂದು ಕೆಲಸ ನಿಮ್ಮಿಂದಲೂ ಆಗುತ್ತದೆ. ಆಸ್ಪತ್ರೆಯಲ್ಲಿರುವ ಅಜ್ಜಿಯನ್ನು ನೋಡಲು ಹೋದಾಗ, ಮುಟ್ಟುವ ಮುನ್ನ ಒಮ್ಮೆ, ಹೊರಡುವಾಗ ಒಮ್ಮೆ ಸೋಪು ಹಚ್ಚಿ ಕೈ ತೊಳೆಯಿರಿ. ಅದಕ್ಕೆ ಬೇಕಾದ ಸಮಯ ಒಂದೇ ನಿಮಿಷ.