ಎಂಟು ಗೊಂಬೆ, ಹದಿನಾರು ಬಣ್ಣ: ಕಮೋಡೋರ್ 64ರ ಚಿತ್ರದ ಚಿಪ್



ಇಂದಿನ ಮೊಬೈಲ್ ಆಟ ಬರೆಯುವವರಿಗೂ ಚಿತ್ರ ಮೂಡಿಸುವ ಚಿಪ್‌ಗೂ ನಡುವೆ ತಂತ್ರಾಂಶದ ಹಲವು ಪದರಗಳಿವೆ. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕಮೋಡೋರ್ 64 ಎಂಬ ಮನೆ ಕಂಪ್ಯೂಟರಿನಲ್ಲಿ ಹಾಗಿರಲಿಲ್ಲ. ಬರೆಯುವವರು ವಿಐಸಿ-2 ಎಂಬ ಚಿತ್ರದ ಚಿಪ್‌ನೊಡನೆ ನೇರವಾಗಿ ವ್ಯವಹರಿಸುತ್ತಿದ್ದರು.

ಈ ಚಿಪ್‌ಗೆ 47 ರಿಜಿಸ್ಟರ್‌ಗಳು. ರಿಜಿಸ್ಟರ್ ಎಂದರೆ ಒಂದು ಸಂಖ್ಯೆ ಹಿಡಿಯುವ ಪುಟ್ಟ ಗೂಡು ಎಂದುಕೊಳ್ಳಿ. ಗೂಡುಗಳ ನಂಬರ್ 53248ರಿಂದ ಶುರು. 53280ರಲ್ಲಿ ಸೊನ್ನೆ ಇಟ್ಟರೆ ಪರದೆಯ ಅಂಚು ಕಪ್ಪು, 2 ಇಟ್ಟರೆ ಕೆಂಪು. ಒಟ್ಟು 16 ಬಣ್ಣ. ಅಸೆಂಬ್ಲಿಯಲ್ಲಿ ಇದಕ್ಕೆ ಎರಡೇ ಆಜ್ಞೆ: ಎಲ್‌ಡಿಎ ಸಂಖ್ಯೆಯನ್ನು ಎತ್ತಿಕೊಳ್ಳುತ್ತದೆ, ಎಸ್‌ಟಿಎ ಗೂಡಿನಲ್ಲಿ ಇಡುತ್ತದೆ.

ಪರದೆಯ ಮೇಲೆ ಓಡಾಡುವ ಗೊಂಬೆಗೆ ಸ್ಪ್ರೈಟ್ ಎಂದು ಹೆಸರು. ಚಿತ್ರದ ಅಗಲ 320 ಚುಕ್ಕಿ, ಆದರೆ ಒಂದು ಗೂಡು ಹಿಡಿಯುವುದು 255ರವರೆಗೆ ಮಾತ್ರ. ಗೊಂಬೆ ಬಲತುದಿಗೆ ಹೋಗಬೇಕಾದರೆ ಇನ್ನೊಂದು ಬಿಟ್ ಬೇಕು. ಎಂಟೂ ಗೊಂಬೆಗಳ ಆ ಹೆಚ್ಚುವರಿ ಬಿಟ್ 53264 ಎಂಬ ಒಂದೇ ಗೂಡಿನಲ್ಲಿದೆ. ಒಂದನ್ನು ಬದಲಿಸುವಾಗ ಉಳಿದ ಏಳನ್ನು ಕಾಪಾಡದಿದ್ದರೆ, ಬೇರೆ ಗೊಂಬೆ ಇನ್ನೊಂದು ಬದಿಗೆ ಹಾರಿಬಿಡುತ್ತದೆ.

ಚಿಪ್ ಕೊಡುವುದು ಎಂಟೇ ಗೊಂಬೆ. ಆದರೂ ಅನೇಕ ಆಟಗಳಲ್ಲಿ ಎಂಟಕ್ಕಿಂತ ಹೆಚ್ಚು ಕಾಣುತ್ತಿದ್ದವು. ಹೇಗೆ? ಟಿವಿ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಮೂಡುತ್ತದೆ. ಯುರೋಪಿನ ಮಾದರಿಯಲ್ಲಿ 312 ಗೆರೆ, ಸೆಕೆಂಡಿಗೆ 50 ಸಲ. 53274ರಲ್ಲಿ ಅನುಮತಿ ಕೊಟ್ಟು 53266ರಲ್ಲಿ ಗೆರೆಯ ಸಂಖ್ಯೆ ಬರೆದಿಟ್ಟರೆ, ಆ ಗೆರೆ ಬಂದ ಕೂಡಲೇ ಚಿಪ್ ಪ್ರೊಸೆಸರನ್ನು ಕರೆಯುತ್ತದೆ. ನಾಟಕ ಕಂಪನಿಯಲ್ಲಿ ಒಂದು ಪಾತ್ರ ಮುಗಿಸಿದ ನಟ ವೇಷ ಬದಲಿಸಿ ಇನ್ನೊಂದಕ್ಕೆ ಬರುವುದಿಲ್ಲವೇ? ಹಾಗೆಯೇ ಮೇಲೆ ಮೂಡಿ ಮುಗಿದ ಗೊಂಬೆಗೆ ಹೊಸ ರೂಪ, ಹೊಸ ಜಾಗ ಕೊಟ್ಟು ಕೆಳಗೆ ಮತ್ತೆ ತೋರಿಸುತ್ತಿದ್ದರು. ಒಂದೇ ಗೆರೆಯ ಮೇಲೆ ಮಾತ್ರ ಎಂಟರ ಮಿತಿ ಹಾಗೇ ಉಳಿಯುತ್ತಿತ್ತು.

ಇದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಒಂದು ಗೆರೆಗೆ ಪ್ರೊಸೆಸರಿನ 63 ಸೈಕಲ್. ಗೂಡಿನಲ್ಲಿ ಒಂದು ಸಂಖ್ಯೆ ಇಡಲು 4 ಸೈಕಲ್ ಖರ್ಚು. ತಡವಾದರೆ ಗೊಂಬೆ ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ.

ಈ ಲೆಕ್ಕ ಇಂದಿಗೂ ಬೇಕು. ಹಳೆಯ ಯಂತ್ರಗಳು ಒಂದೊಂದಾಗಿ ಕೆಡುತ್ತಿವೆ. ಆ ಆಟಗಳನ್ನು ಹೊಸ ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶಕ್ಕೆ ಯಾವ ಗೂಡಿನಲ್ಲಿ ಏನಿದೆ ಎಂದು ತಿಳಿದರೆ ಸಾಲದು. ಅದು ಯಾವ ಸೈಕಲ್‌ನಲ್ಲಿ ಬಂತು ಎಂಬುದೂ ತಿಳಿದಿರಬೇಕು. ಇಲ್ಲವಾದರೆ ಆಟ ಉಳಿದರೂ ಚಿತ್ರ ಕೆಡುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇರುವವರು ವೈಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಬೇಸಿಕ್ ಭಾಷೆಯ ಪೋಕ್ ಆಜ್ಞೆಯಿಂದ 53280ರಲ್ಲಿ ಬೇರೆ ಬೇರೆ ಸಂಖ್ಯೆ ಇಟ್ಟು ನೋಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.