ಒಂದೇ ಈಡಿನ ಕೋವಿ

ಬೆಟ್ಟದ ಬೇಟೆಗೆಂದು ಹಿಂದಿನವರು ರೂಪಿಸಿದ ಹಗುರ ರೈಫಲಿನ ಬಗ್ಗೆ, ಅದೂ ಒಂದೇ ಈಡಿನದರ ಬಗ್ಗೆ ಮಾತಾಡಿ ಎಂದು ಈ ಸ್ಟುಡಿಯೊದವರು ಕೇಳಿದ್ದಾರೆ. ಗಾಜಿಯಾಬಾದಿನಲ್ಲಿ ಮನೆ ಮಾಡಿಕೊಂಡಿರುವ ಕೊಡಗಿನವನಿಗೆ ಕೋವಿಯ ವಿಷಯ ಕೊಟ್ಟು ಐದೇ ನಿಮಿಷ ಎಂದರೆ ಹೇಗೆ ಸ್ವಾಮಿ?

ಮೂಲ ಸಂಗತಿ ಇಷ್ಟು: ಒಂದು ಸಲಕ್ಕೆ ಒಂದೇ ತೋಟಾ. ತೋಟಾ ಪೇರಿಸಿಡುವ ಮ್ಯಾಗಜೀನ್ ಇಲ್ಲ, ಹಿಂದೆಮುಂದೆ ಎಳೆದಾಡುವ ಬೋಲ್ಟ್ ಇಲ್ಲ. ಬೋಲ್ಟ್ ಓಡಾಡುವಷ್ಟು ಜಾಗ ಮಿಕ್ಕಿತಲ್ಲ, ನಳಿಗೆಯನ್ನು ಮೋಟು ಮಾಡದೆಯೇ ರೈಫಲ್ ಗಿಡ್ಡವಾಯಿತು, ತೂಕವೂ ಇಳಿಯಿತು. ಏರುದಾರಿಯಲ್ಲಿ ಹೆಗಲಿಗೆ ಅದರ ಸುಖ. ಗುಂಡು ಹಾರಿದಾಗ ಮಾತ್ರ ಅದೇ ಹೆಗಲಿಗೆ ಒದೆತ ಜಾಸ್ತಿ.

ನನ್ನ ಪ್ರೀತಿಯೆಲ್ಲ ಮಾರ್ಟಿನಿ-ಹೆನ್ರಿ ಮೇಲೆ. 1871ರಲ್ಲಿ ಬ್ರಿಟಿಷ್ ಸೇನೆಗೆ ಬಂದದ್ದು. ಸ್ವಿಟ್ಜರ್ಲೆಂಡಿನ ಮಾರ್ಟಿನಿಯ ಯಂತ್ರ, ಎಡಿನ್‌ಬರೋದ ಹೆನ್ರಿಯ ನಳಿಗೆ. ಹೊರಗೆ ಕಾಣುವ ಕುದುರೆಯೇ ಇಲ್ಲ. ಹಿಡಿಯ ಕೆಳಗಿನ ಸನ್ನೆಕೋಲನ್ನು ಕೆಳಕ್ಕೆ ತಳ್ಳಿದರೆ ಒಳಗಿನ ಉಕ್ಕಿನ ತುಂಡು ಮುಂದುಗಡೆ ತಗ್ಗಿ ನಳಿಗೆಯ ಹಿಂಬಾಯಿ ತೆರೆದುಕೊಳ್ಳುತ್ತದೆ, ಖಾಲಿ ತೋಟಾ ಹಿಂದಕ್ಕೆ ಸಿಡಿಯುತ್ತದೆ. ಹೊಸದನ್ನು ಹೆಬ್ಬೆರಳಲ್ಲಿ ನೂಕಿ ಸನ್ನೆಕೋಲು ಮೇಲೆತ್ತಿದರೆ ಮುಗಿಯಿತು, ಕೋವಿ ಅಣಿ.

ಗಾಜಿಯಾಬಾದಿನಿಂದ ಹಾಪುಡ, ಮುರಾದಾಬಾದು ದಾಟಿ ಹೋದರೆ ಕುಮಾವೂಂ ಬೆಟ್ಟಗಳ ಬುಡದಲ್ಲಿ ಕಾಲಾಢೂಂಗಿ. ಬೇಟೆಗಾರ ಜಿಮ್ ಕಾರ್ಬೆಟ್ಟನ ಚಳಿಗಾಲದ ಮನೆ ಅಲ್ಲಿ ಈಗ ಮ್ಯೂಸಿಯಂ. ಹುಡುಗನಾಗಿದ್ದಾಗ ಅವನಿಗೆ ಸಿಕ್ಕಿದ ಮೊದಲ ಕೋವಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಜೋಡುನಳಿಗೆ. ಬಲಗಡೆಯ ನಳಿಗೆ ಸೀಳಿತ್ತು, ಮರದ ಹಿಡಿಗೆ ಹಿತ್ತಾಳೆ ತಂತಿ ಸುತ್ತಿತ್ತು. ಹೆಸರಿಗೆ ಜೋಡು, ಕೆಲಸಕ್ಕೆ ಒಂಟಿ! ಆಮೇಲೆ ನೈನಿತಾಲಿನ ಕೆಡೆಟ್ ಪಡೆಯ ಸಾರ್ಜೆಂಟ್ ಮೇಜರ್ .450 ಮಾರ್ಟಿನಿಯೊಂದನ್ನು ಎರವಲು ಕೊಟ್ಟ. ಷರತ್ತು ಇಷ್ಟೇ: ಕೋವಿ ಚೊಕ್ಕಟವಾಗಿರಬೇಕು, ಖಾಲಿ ತೋಟಾ ವಾಪಸು ಬರಬೇಕು. ಅದೇ ಮಾರ್ಟಿನಿಯಲ್ಲಿ ಹುಡುಗ ಮೊದಲ ಚಿರತೆ ಹೊಡೆದ. 1953ರ ‘ಜಂಗಲ್ ಲೋರ್’ ಪುಸ್ತಕದಲ್ಲಿ ಇದೆಲ್ಲ ಇದೆ. ಜನ ಹೊಗಳುವುದು ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಅವನಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿಯನ್ನು. ಹೊಗಳಲಿ ಬಿಡಿ. ಗುಂಡು ತಪ್ಪಿದರೆ ಅದರಲ್ಲಿ ಇನ್ನೊಂದು ಕಾದಿರುತ್ತದೆ. ಮಾರ್ಟಿನಿ ಹಿಡಿದ ಹುಡುಗ ಚಿರತೆಯ ಮುಂದೆ ಸನ್ನೆಕೋಲು ಆಡಿಸುತ್ತ ನಿಲ್ಲಬೇಕು. ಅಂಥವನು ಗುಂಡು ಹಾರಿಸುವ ಮೊದಲೇ ಎಲ್ಲ ಲೆಕ್ಕ ಮುಗಿಸಿರುತ್ತಾನೆ.

ಲೆಕ್ಕ ಎಂದಾಗ ನೆನಪಾಯಿತು. ಇಲ್ಲಿ ಮದುವೆಯ ಮೆರವಣಿಗೆ ಬಾರಾತಿನಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಖಯಾಲಿ ಉಂಟು, ‘ಹರ್ಷ್ ಫೈರಿಂಗ್’ ಅನ್ನುತ್ತಾರೆ. ಕೊನೆಗೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದಕ್ಕೆ ಜೈಲುಶಿಕ್ಷೆಯನ್ನೇ ಇಟ್ಟರು. ನಮ್ಮ ಕೊಡವರಲ್ಲೂ ಆಕಾಶಕ್ಕೆ ಗುಂಡು ಹಾರಿಸುತ್ತಾರೆ, ಆದರೆ ಎಣಿಸಿ: ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಗುಡ್ಡದಾಚೆಯ ಮನೆಯವರಿಗೆ ಅಷ್ಟರಲ್ಲೇ ಸುದ್ದಿ ಮುಟ್ಟುತ್ತದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ, ಮನೆತನದ ಹಿರಿಮನೆ ಐನ್‌ಮನೆಯಲ್ಲಿ ಅಜ್ಜ ಒಂಟಿನಳಿಗೆಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ, ಗಂಧ ಹಚ್ಚಿ, ಕೆಂಪು-ಹಳದಿಯ ತೋಕ್‌ಪೂ ಹೂ ಸಿಕ್ಕಿಸುವವರೆಗೆ ನಮಗೆ ಕಡುಬಿಲ್ಲ. ಪೂಜೆ ಆದಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ. ಅಜ್ಜ ತಪ್ಪಿದರೆ ನಳಿಗೆಯೊಳಗೆ ಇಣುಕಿ ನೋಡಿ, ಏನೂ ಹೇಳದೆ ಕೋವಿಯನ್ನು ಮುಂದಿನವನ ಕೈಗೆ ದಾಟಿಸುತ್ತಿದ್ದರು.

ಅಗೋ, ಗಾಜಿನಾಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಒಂದೇ ನಿಮಿಷವಂತೆ. ಬೇಗಬೇಗ ಹೇಳಿಬಿಡುತ್ತೇನೆ. 1872ರಲ್ಲಿ ಸ್ಕಾಟ್ಲೆಂಡಿನ ಫಾರ್ಕರ್‌ಸನ್ ಪೇಟೆಂಟ್ ಪಡೆದ ಯಂತ್ರದಲ್ಲಿ ಉಕ್ಕಿನ ತುಂಡು ನೇರ ಕೆಳಗೇ ಜಾರುತ್ತದೆ, ಅದರ ಚೆಲುವೇ ಬೇರೆ. ಅದೇ ಜಾಡಿನಲ್ಲಿ ಅಮೆರಿಕದ ರೂಗರ್ ಕಂಪನಿ 1967ರಲ್ಲಿ ‘ನಂಬರ್ ಒನ್’ ತಂದಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತು ಮುಗಿದಂತೆಯೇ, ಮುಗಿದದ್ದೂ ಒಳ್ಳೆಯದೇ, ತೆಂಗಿನಕಾಯಿ ಇದೆಯಲ್ಲ. ಅಯ್ಯೋ, ಹಿಡಿಗೆ ಬಳಸುವ ಅಖರೋಟು ಮರದ ವಿಷಯ ಬಾಕಿಯೇ ಉಳಿಯಿತು. ಅದರ ಎಳೆ ಹಿಡಿಯ ಸಪೂರ ಭಾಗದಲ್ಲಿ ನೇರ ಇರಬೇಕು, ಅಡ್ಡ ಹರಿದರೆ ಒದೆತಕ್ಕೆ ಸೀಳುತ್ತದೆ... ಆಯ್ತು, ಆಯ್ತು.