ಬೆನ್ನಿಗೆ ಬಂದೂಕು, ಬೆನ್ನಿಗೆ ಮಗು



ದಕ್ಷಿಣ ಚೀನದ ಗುವಾಂಗ್‌ಡಾಂಗ್ ಪ್ರಾಂತ, ಹಾಂಗ್‌ಕಾಂಗ್ ಹಾಗೂ ಮಕಾವುಗಳಲ್ಲಿ ಜನರಾಡುವ ಮಾತು ಕ್ಯಾಂಟನೀಸ್. ಅದರ ಯುದ್ಧಸಂಬಂಧಿ ಪದಗಳನ್ನು ಕಲಿಯುವವರಿಗೆ ಮೊದಲ ತೊಡಕು ಸ್ವರದ ಏರಿಳಿತ. ‘ತೋವ್’ ಎಂಬುದನ್ನು ಎತ್ತರದ ಸ್ವರದಲ್ಲಿ ನುಡಿದರೆ ಕತ್ತಿ, ಸ್ವರವನ್ನು ಏರಿಸುತ್ತ ನುಡಿದರೆ ದ್ವೀಪ, ತಗ್ಗಿಸಿದರೆ ದಾರಿ. ಇಂಥ ಸ್ವರಗಳು ಆರು.

ಎರಡನೆಯ ತೊಡಕು ಕ್ರಿಯಾಪದ. ಗುಂಡು ಹಾರಿಸುವುದಕ್ಕೆ ಅವರು ‘ಬಂದೂಕು ತೆರೆ’ ಎನ್ನುತ್ತಾರೆ. ಕಾದಾಡುವುದಕ್ಕೆ ‘ಯುದ್ಧ ಹೊಡೆ’ ಎನ್ನುತ್ತಾರೆ. ಟೆಲಿಫೋನ್ ಮಾಡುವುದಕ್ಕೂ ಅದೇ ‘ಹೊಡೆ’. ಬಂದೂಕನ್ನು ಬೆನ್ನಿಗೆ ಏರಿಸಿಕೊಳ್ಳುವುದು ‘ಮೇ’. ತಾಯಿ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವುದೂ ‘ಮೇ’. ಆದಕಾರಣ ಆಯುಧಗಳ ಹೆಸರನ್ನಷ್ಟೇ ಉರುಹೊಡೆದರೆ ಸಾಲದು. ಹೆಸರನ್ನೂ ಕ್ರಿಯೆಯನ್ನೂ ಜೋಡಿಯಾಗಿ ಕಲಿಯಬೇಕು.

ಇನ್ನು ಬರಹ. ಸೈನಿಕನನ್ನು ಸೂಚಿಸುವ ‘ಪಿಂಗ್’ ಎಂಬ ಅಕ್ಷರದ ಪ್ರಾಚೀನ ರೂಪದಲ್ಲಿ ಎರಡು ಕೈಗಳು ಕೊಡಲಿಯನ್ನು ಹಿಡಿದಿವೆ. ಮೊದಲು ಅದರ ಅರ್ಥ ಆಯುಧ. ಅನಂತರ ಆಯುಧ ಹಿಡಿದವನು. ಸಮರ ಎಂಬರ್ಥದ ‘ಮೋವ್’ ಅಕ್ಷರದಲ್ಲಿ ಒಂದು ಆಯುಧ ಮತ್ತು ಒಂದು ಪಾದ ಇವೆ. ಆಯುಧ ಹೊತ್ತು ನಡೆಯುವುದು ಎಂಬುದೇ ಅದರ ಮೂಲಾರ್ಥವೆಂದು ಇಂದಿನ ಅನೇಕ ವಿದ್ವಾಂಸರ ಮತ. ಆದರೆ ಆ ಪಾದದ ಚಿಹ್ನೆಗೆ ‘ನಿಲ್ಲಿಸು’ ಎಂಬ ಅರ್ಥವೂ ಉಂಟು. ಕ್ರಿ.ಪೂ. 597ರಲ್ಲಿ ಯುದ್ಧ ಗೆದ್ದ ಚೂ ರಾಜ್ಯದ ದೊರೆ ಜ್ವಾಂಗ್, ಆಯುಧವನ್ನು ತಡೆದು ನಿಲ್ಲಿಸುವುದೇ ನಿಜವಾದ ಪರಾಕ್ರಮವೆಂದು ಆ ಅಕ್ಷರವನ್ನು ಬಿಡಿಸಿ ಹೇಳಿದನೆಂದು ‘ಜುವೋ ಜ್ವಾನ್’ ಗ್ರಂಥ ತಿಳಿಸುತ್ತದೆ.

ಅಕ್ಷರ ಒಂದೇ, ಓದು ಎರಡು. ಯುದ್ಧದ ಪದಗಳನ್ನು ಕಲಿಯುವವರು ಈ ಎರಡನ್ನೂ ನೆನಪಿನಲ್ಲಿಡುವುದು ಒಳ್ಳೆಯದು.